ಬೆಕ್ಕಿಗೆ ಸಂತಾನಹರಣ ಆಪರೇಷನ್: ಮಾಡಿಸಬೇಕೇ, ಯಾವಾಗ, ಹೇಗೆ?

ಬೆಕ್ಕು ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಬೆಕ್ಕಿಗೆ ಆಪರೇಷನ್ ಮಾಡಿಸಬೇಕಾ? ಒಂದು ಸಲ ಮರಿ ಹಾಕಲಿ ಬಿಡಿ ಅಂತಾರೆ ಮನೆಯಲ್ಲಿ." ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಸಾಕಿದ ಬೆಕ್ಕು ಹೆಣ್ಣಾಗಲಿ ಗಂಡಾಗಲಿ, ಆರೋಗ್ಯವಾಗಿದ್ದರೆ ಮಾಡಿಸಬೇಕು. ಅದನ್ನೂ ಮೊದಲ ಬೆದೆಗೆ ಮುಂಚೆ, ಅಂದರೆ ಐದನೇ ತಿಂಗಳ ಹೊತ್ತಿಗೆ ಮಾಡಿಸಿಬಿಡುವುದು ಒಳ್ಳೆಯದು. ಆಪರೇಷನ್ ಟೇಬಲ್ ಮೇಲಿನ ಹೊತ್ತು ವೈದ್ಯರದ್ದು. ಅದರ ಹಿಂದಿನ ಎರಡು ವಾರ, ಮುಂದಿನ ಎರಡು ವಾರ ನಿಮ್ಮದು. ತಪ್ಪಿಸಬಹುದಾದ ತೊಂದರೆಗಳು ಹೆಚ್ಚಾಗಿ ಈ ನಾಲ್ಕು ವಾರಗಳಲ್ಲೇ ಆಗುತ್ತವೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದೂ ಅವಕ್ಕೇ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಮನುಷ್ಯರ ಕುಟುಂಬ ಯೋಜನೆ ಆಪರೇಷನ್‌ನಲ್ಲಿ ನಾಳವನ್ನು ಕಟ್ಟುತ್ತಾರೆ ಅಷ್ಟೇ, ಹಾರ್ಮೋನು ಮೊದಲಿನಂತೆಯೇ ಇರುತ್ತದೆ. ಬೆಕ್ಕಿನದು ಹಾಗಲ್ಲ. ಹೆಣ್ಣಿಗೆ ಎರಡೂ ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಗಂಡಿಗೆ ಎರಡೂ ವೃಷಣಗಳನ್ನು, ಅಂದರೆ ಬೀಜಗಳನ್ನು ತೆಗೆಯುತ್ತಾರೆ. ಹಾರ್ಮೋನಿನ ಮೂಲವೇ ಹೋಗುವುದರಿಂದ ಬೆದೆ, ಅಲೆದಾಟ, ಮೂತ್ರ ಸಿಂಪಡಿಸುವುದು ಎಲ್ಲ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. "ಬರೀ ನಾಳ ಕಟ್ಟಿ ಬಿಡಿ" ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಮರಿ ಆಗುವುದಿಲ್ಲ, ಮಿಕ್ಕ ಎಲ್ಲ ತೊಂದರೆಯೂ ಹಾಗೇ ಉಳಿಯುತ್ತದೆ. ಇನ್ನು ಹೋರಿಗೆ ಬೀಜ ಒಡೆಯುವ ಚಿಮಟದ ವಿಧಾನ ಬೆಕ್ಕಿಗೆ ಸಲ್ಲದು. ಅರಿವಳಿಕೆ ಕೊಡದೆ ಗಂಡು ಬೆಕ್ಕಿಗೆ "ಐದು ನಿಮಿಷದಲ್ಲಿ ಮಾಡಿಕೊಡ್ತೀನಿ" ಎನ್ನುವವರ ಕೈಗೆ ಬೆಕ್ಕನ್ನು ಕೊಡಬೇಡಿ.

ಯಾಕೆ ಮಾಡಿಸಬೇಕು?

ಹೆಣ್ಣು ಬೆಕ್ಕು ನಾಲ್ಕು–ಐದು ತಿಂಗಳಿಗೇ ಬೆದೆಗೆ ಬರಬಲ್ಲದು. ಬೆದೆ ಬರುವುದು ಹಗಲಿನ ಉದ್ದವನ್ನು ಅವಲಂಬಿಸಿದೆ. ಚಳಿ ದೇಶಗಳಲ್ಲಿ ಚಳಿಗಾಲದ ಹಗಲು ಚಿಕ್ಕದಾಗುವುದರಿಂದ ಕೆಲವು ತಿಂಗಳು ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಗಿಂತ ಹೆಚ್ಚು, ಜೊತೆಗೆ ರಾತ್ರಿ ಹತ್ತರವರೆಗೆ ಮನೆಯೊಳಗೆ ದೀಪ. ಹಾಗಾಗಿ ಇಲ್ಲಿ ಬೆಕ್ಕು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಹುದು. ಒಂದು ಬೆದೆ ಸುಮಾರು ಒಂದು ವಾರ ಇರುತ್ತದೆ. ನೆಲದ ಮೇಲೆ ಹೊರಳುವುದು, ಹಿಂಭಾಗ ಎತ್ತಿ ಬಾಲವನ್ನು ಒಂದು ಕಡೆಗೆ ಸರಿಸುವುದು, ರಾತ್ರಿಯೆಲ್ಲ ಗೋಳಿಟ್ಟಂತೆ ಕೂಗುವುದು ಇದರ ಲಕ್ಷಣ. ಮೊದಲ ಸಲ ನೋಡಿದವರು ಹೊಟ್ಟೆನೋವು ಎಂದುಕೊಂಡು ಆಸ್ಪತ್ರೆಗೆ ಓಡುವುದುಂಟು. ಗಂಡು ಸಿಗದಿದ್ದರೆ ಎರಡು–ಮೂರು ವಾರದಲ್ಲಿ ಮತ್ತೆ ಅದೇ.

ಗಂಡು ಸಿಕ್ಕರೆ ಗಬ್ಬ ಆಯಿತೆಂದೇ ಲೆಕ್ಕ. ಏಕೆಂದರೆ ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದೇ ಕೂಡಿದ ಮೇಲೆ. 63–65 ದಿನಕ್ಕೆ ಮರಿ. ಸಾಮಾನ್ಯವಾಗಿ ಮೂರರಿಂದ ಐದು. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬ ಆಗಬಹುದು. ಆ ಮರಿಗಳ ಗತಿ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತಿದೆ. ಕಣ್ಣು ಬಿಡದ ಮರಿಗಳನ್ನು ಚೀಲಕ್ಕೆ ತುಂಬಿ ಮೀನು ಮಾರ್ಕೆಟ್ ಹತ್ತಿರವೋ ದೇವಸ್ಥಾನದ ಹಿಂದೆಯೋ ಬಿಟ್ಟು ಬರುತ್ತಾರೆ, ಅವು ಹಸಿವಿನಿಂದ ಸಾಯುತ್ತವೆ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆಪರೇಷನ್ ಪಾಪ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಈ ಮರಿಗಳ ವಿಷಯವನ್ನು ಅವರ ಮುಂದಿಡಿ.

ಆರೋಗ್ಯದ ಕಾರಣ ಇನ್ನೂ ಗಟ್ಟಿ. ಬೆಕ್ಕಿನ ಮೊಲೆಯಲ್ಲಿ ಕಾಣುವ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಕ್ಯಾನ್ಸರ್ ಆಗಿರುತ್ತವೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಈ ಕ್ಯಾನ್ಸರ್ ಬರುವ ಸಂಭವ 91% ಕಡಿಮೆ, ಒಂದು ವರ್ಷದೊಳಗೆ ಆದರೆ 86% ಕಡಿಮೆ. ಎರಡನೇ ವರ್ಷದಲ್ಲಿ ಮಾಡಿಸಿದರೆ ಲಾಭ 11%ಕ್ಕೆ ಇಳಿಯುತ್ತದೆ. "ಒಂದು ಸಲ ಮರಿ ಹಾಕಲಿ" ಎಂದು ಕಾಯುವುದರಲ್ಲಿ ಕಳೆದುಕೊಳ್ಳುವುದು ಇದನ್ನೇ. ಒಂದು ಸೂಲಿನಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಉಪಕಾರವೂ ಇಲ್ಲ. ಇನ್ನೊಂದು ಅಪಾಯ ಗರ್ಭಕೋಶದಲ್ಲಿ ಕೀವು ತುಂಬುವುದು. ವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ. ಬೆಕ್ಕು ಮಂಕಾಗಿ, ಹೆಚ್ಚು ನೀರು ಕುಡಿಯುತ್ತಾ, ಊಟ ಬಿಡುತ್ತದೆ. ತುರ್ತಾಗಿ ಆಪರೇಷನ್ ಮಾಡದಿದ್ದರೆ ಸಾಯಬಹುದು.

ಗಂಡಿಗೆ ಯಾಕೆ ಎಂದು ಕೇಳುವವರು ಹೆಚ್ಚು. ಬೀಜ ಇರುವ ಗಂಡು ಬೆಕ್ಕು ಬೆದೆಯ ವಾಸನೆ ಹಿಡಿದು ದೂರ ಹೋಗುತ್ತದೆ, ರಸ್ತೆ ದಾಟುತ್ತದೆ, ಬೇರೆ ಗಂಡುಗಳೊಡನೆ ಕಚ್ಚಾಡುತ್ತದೆ. ಕಚ್ಚಿದ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೀವು ಕಟ್ಟುತ್ತದೆ. ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಹರಡುವುದು ಇಂಥ ಕಡಿತದಿಂದಲೇ. ಬಾಗಿಲು, ಸೋಫಾ, ಅಕ್ಕಿ ಮೂಟೆಯ ಮೇಲೆ ಸಿಂಪಡಿಸುವ ಮೂತ್ರದ ಘಾಟು ಸಾಕಿದವರಿಗೆ ಗೊತ್ತೇ ಇದೆ. ಆಪರೇಷನ್ ನಂತರ ಹತ್ತರಲ್ಲಿ ಸುಮಾರು ಒಂಬತ್ತು ಗಂಡುಗಳಲ್ಲಿ ಇದು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ರೂಢಿಯಾದ ಮೇಲೆ ಮಾಡಿಸಿದರೆ ನಿಲ್ಲಲು ಹೆಚ್ಚು ಸಮಯ ಬೇಕು.

ಈಗ ಇನ್ನೊಂದು ಮಗ್ಗುಲು. ಅರಿವಳಿಕೆಯಲ್ಲಿ ಅಪಾಯ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬ್ರಿಟನ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆರೋಗ್ಯವಂತ ಬೆಕ್ಕುಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು 0.11%, ಸರಿಸುಮಾರು ಸಾವಿರಕ್ಕೆ ಒಂದು. ಕಾಯಿಲೆ ಇದ್ದ ಬೆಕ್ಕುಗಳಲ್ಲಿ ಇದು ಎಷ್ಟೋ ಪಟ್ಟು ಹೆಚ್ಚು. ಬೆಕ್ಕುಗಳ ಸಾವಿನಲ್ಲಿ ಅರ್ಧಕ್ಕಿಂತ ಹೆಚ್ಚು ಆದದ್ದು ಆಪರೇಷನ್ ಮುಗಿದ ಮೇಲೆ, ಅದರಲ್ಲೂ ಮೊದಲ ಮೂರು ಗಂಟೆಯೊಳಗೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸರಿಯಾದ ಸಮಯ, ಮುಂದೂಡಬೇಕಾದ ಸಂದರ್ಭ

ಐದನೇ ತಿಂಗಳಿಗೆ ದಿನ ಗೊತ್ತು ಮಾಡಿ. ಅಷ್ಟು ಹೊತ್ತಿಗೆ ನಾಡ ಬೆಕ್ಕಿನ ಮರಿ ಸಾಮಾನ್ಯವಾಗಿ ಎರಡು ಕಿಲೋ ಆಸುಪಾಸಿನಲ್ಲಿರುತ್ತದೆ. ದೊಡ್ಡ ಬೆಕ್ಕಿಗೂ ಮಾಡಿಸಬಹುದು, ವಯಸ್ಸಾಯಿತೆಂದು ಬಿಡಬೇಕಿಲ್ಲ. ಆದರೆ ಏಳು ವರ್ಷ ದಾಟಿದ್ದರೆ ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸದೆ ಅರಿವಳಿಕೆಗೆ ಒಪ್ಪಬೇಡಿ.

ಬೆದೆಯಲ್ಲಿದ್ದರೆ ಗರ್ಭಕೋಶದ ರಕ್ತನಾಳಗಳು ಉಬ್ಬಿರುವುದರಿಂದ ಕೆಲವು ವೈದ್ಯರು ಒಂದೆರಡು ವಾರ ಕಾಯಲು ಹೇಳುತ್ತಾರೆ. ಆಗ ಬೆಕ್ಕನ್ನು ಬಾಗಿಲು ಹಾಕಿದ ಕೋಣೆಯಲ್ಲೇ ಇಡಬೇಕು. ಬಚ್ಚಲಮನೆಯ ವೆಂಟಿಲೇಟರ್, ಹಂಚಿನ ಸಂದು ಎರಡನ್ನೂ ನೋಡಿ. ಬೆಕ್ಕು ತಪ್ಪಿಸಿಕೊಳ್ಳುವುದು ಅಲ್ಲಿಂದಲೇ.

ಗಬ್ಬ ಆಗಿದೆಯೋ ಎಂಬ ಅನುಮಾನವಿದ್ದರೆ ಮೊಲೆತೊಟ್ಟು ನೋಡಿ. ಮೂರನೇ ವಾರದ ಹೊತ್ತಿಗೆ ಅವು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಈ ಹಂತದಲ್ಲೂ ಆಪರೇಷನ್ ಸಾಧ್ಯ. ಮಾಡಿಸುವುದೋ ಬಿಡುವುದೋ ವೈದ್ಯರೊಡನೆ ಕೂತು ಬೇಗ ತೀರ್ಮಾನಿಸಿ, ಮುಚ್ಚಿಡಬೇಡಿ. ಮರಿ ಹಾಕಿದ್ದರೆ ಮರಿಗಳು ಎಂಟು ವಾರ ತುಂಬಿ ಗಟ್ಟಿ ಆಹಾರ ತಿನ್ನುವವರೆಗೆ ಕಾಯಿರಿ. ಆಮೇಲೆ ಹಾಲು ಬತ್ತಲು ಎರಡು ವಾರ ಬಿಡಿ. ಈ ಅವಧಿಯಲ್ಲೂ ತಾಯಿ ಮನೆಯೊಳಗೇ ಇರಬೇಕು.

ಶೀತ, ಸೀನು, ಭೇದಿ, ಜ್ವರ ಇದ್ದರೆ ಮುಂದೂಡಿ. ಪರ್ಷಿಯನ್ ಬೆಕ್ಕಾದರೆ ಮೂಗು ಚಪ್ಪಟೆ, ಉಸಿರಿನ ದಾರಿ ಕಿರಿದು. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯೂ ಈ ತಳಿಯಲ್ಲಿ ಕಾಣುತ್ತದೆ. ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಎದೆ ಕೇಳಿದ ಮೇಲೆಯೇ ದಿನ ಗೊತ್ತು ಮಾಡಿ.

ಗಂಡು ಬೆಕ್ಕಿನ ಎರಡೂ ಬೀಜ ಚೀಲದಲ್ಲಿ ಇಳಿದಿವೆಯೇ ಎಂದು ಮೊದಲೇ ತೋರಿಸಿ. ಒಂದು ಒಳಗೇ ಉಳಿದಿದ್ದರೆ ಅದನ್ನು ಹುಡುಕಿ ತೆಗೆಯಬೇಕು. ಹೊರಗಿನದೊಂದನ್ನೇ ತೆಗೆದು ಬಿಟ್ಟರೆ ಒಳಗಿನದು ಹಾರ್ಮೋನು ಸುರಿಸುತ್ತಲೇ ಇರುತ್ತದೆ.

ಹಂತ 1: ಎರಡು–ಮೂರು ವಾರ ಮುಂಚೆ

ಲಸಿಕೆ ಮುಗಿದಿರಬೇಕು. ಮೂರು ರೋಗಗಳಿಗೆ ಸೇರಿಸಿ ಕೊಡುವ ಲಸಿಕೆ ಎಂಟನೇ ವಾರಕ್ಕೊಂದು, ಮೂರು–ನಾಲ್ಕು ವಾರ ಬಿಟ್ಟು ಇನ್ನೊಂದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಕೊನೆಯ ಲಸಿಕೆಗೂ ಆಪರೇಷನ್‌ಗೂ ನಡುವೆ ಎರಡು ವಾರ ಇರಲಿ. ಬೆಕ್ಕಿನ ಪಾರ್ವೊ ಎಂದು ಕರೆಯುವ ಪ್ಯಾನ್‌ಲ್ಯೂಕೊಪೇನಿಯಾ ರೋಗದ ವೈರಸ್ ಆಸ್ಪತ್ರೆಯ ನೆಲ, ಪಂಜರಗಳಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಲಸಿಕೆ ಇಲ್ಲದ ಮರಿಯನ್ನು ಅಲ್ಲಿ ಮಲಗಿಸಿದರೆ ಆಪರೇಷನ್ ಚೆನ್ನಾಗಿ ಆಗಿಯೂ ಒಂದು ವಾರದೊಳಗೆ ಮರಿಯನ್ನು ಕಳೆದುಕೊಳ್ಳಬಹುದು.

ಜಂತುಹುಳದ ಔಷಧ ಕೊಡಿಸಿ. ಮೈಯಲ್ಲಿ ಚಿಗಟ ಜಾಸ್ತಿ ಇದ್ದರೆ ಮೊದಲು ಅದನ್ನು ಕಳೆಯಿರಿ. ಚಿಗಟ ರಕ್ತ ಹೀರಿ ಮರಿಯ ಒಸಡು ಬಿಳಿಚಿಕೊಂಡಿದ್ದರೆ ಅರಿವಳಿಕೆ ಅಪಾಯ. ಆದರೆ ನಾಯಿಗೆಂದು ತಂದ ಪೌಡರ್, ಕತ್ತಿನ ಹನಿ ಔಷಧವನ್ನು ಬೆಕ್ಕಿಗೆ ಹಾಕಲೇಬೇಡಿ. ಅವುಗಳಲ್ಲಿ ಇರಬಹುದಾದ ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಮೈ ನಡುಗಿ ಸೆಳೆತ ಬರುತ್ತದೆ.

ಎಲ್ಲಿ ಮಾಡಿಸುವುದು? ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಕುರಿಗಳದ್ದೇ ಹೆಚ್ಚು ಕೆಲಸ. ಬೆಕ್ಕಿನ ಆಪರೇಷನ್ ಮಾಡುತ್ತಾರೆಯೇ, ಯಾವ ದಿನ ಎಂದು ಮೊದಲೇ ವಿಚಾರಿಸಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಕೇಳಬಹುದು. ಖಾಸಗಿ ಕ್ಲಿನಿಕ್ ಆದರೆ ದರ ಕೇಳುವ ಮುಂಚೆ ಇಷ್ಟನ್ನು ಕೇಳಿ:

– ಗಂಟಲಿಗೆ ಟ್ಯೂಬ್ ಇಟ್ಟು ಆಮ್ಲಜನಕ ಕೊಡುವ ವ್ಯವಸ್ಥೆ ಇದೆಯೇ?
– ಆಪರೇಷನ್ ನಡೆಯುವಾಗ ಉಸಿರು, ನಾಡಿ ನೋಡಿಕೊಳ್ಳಲು ಇನ್ನೊಬ್ಬರು ಇರುತ್ತಾರೆಯೇ?
– ನೋವಿನ ಇಂಜೆಕ್ಷನ್ ಕೊಡುತ್ತೀರಾ, ಮನೆಗೆ ಎಷ್ಟು ದಿನದ ಔಷಧ?
– ಪೂರ್ತಿ ಎಚ್ಚರ ಆಗುವವರೆಗೆ ಇಲ್ಲೇ ಇಟ್ಟುಕೊಳ್ಳುತ್ತೀರಾ?
– ರಾತ್ರಿ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು?

ಕೊನೆಯ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ. ದರ ಹೇಳುವಾಗ ರಕ್ತಪರೀಕ್ಷೆ, ಗಾಯ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್, ಔಷಧ, ಹೊಲಿಗೆ ಬಿಚ್ಚುವುದು ಎಲ್ಲ ಸೇರಿದೆಯೇ ಎಂದೂ ತಿಳಿದುಕೊಳ್ಳಿ.

ಹೆಣ್ಣು ಬೆಕ್ಕಿಗೆ ಹೊಟ್ಟೆಯ ನಡುಗೆರೆಯಲ್ಲಿ ಅಥವಾ ಪಕ್ಕೆಯಲ್ಲಿ ಕೊಯ್ಯುತ್ತಾರೆ. ಎರಡೂ ಸರಿ, ವೈದ್ಯರ ಕೈಗೆ ರೂಢಿ ಇರುವುದು ಒಳ್ಳೆಯದು. ಹೊಟ್ಟೆಯಲ್ಲಿ ಹಾಲು ತುಂಬಿದ ಮೊಲೆಗಳಿದ್ದರೆ ಪಕ್ಕೆ ಅನುಕೂಲ. ಗಾಯವನ್ನು ದೂರದಿಂದಲೇ ನೋಡಬಹುದು. ಸಯಾಮೀಸ್ ಬಣ್ಣದ ಬೆಕ್ಕಾದರೆ ಮಾತ್ರ ಒಂದು ಮಾತು: ಅವುಗಳ ರೋಮದ ಬಣ್ಣ ಚರ್ಮದ ತಾಪವನ್ನು ಅನುಸರಿಸುತ್ತದೆ. ಬೋಳಿಸಿ ತಣ್ಣಗಾದ ಪಕ್ಕೆಯ ಮೇಲೆ ಹೊಸ ಕೂದಲು ಕಪ್ಪಗೆ ಬರಬಹುದು, ಗಾಬರಿಯಾಗಬೇಡಿ.

ಈ ವಾರಗಳಲ್ಲೇ ಬುಟ್ಟಿಯ ಅಭ್ಯಾಸ ಮಾಡಿಸಿ. ಕ್ಯಾರಿಯರ್ ಬಾಗಿಲು ತೆರೆದು ಅದರೊಳಗೇ ಊಟ ಇಡಿ. ಕ್ಯಾರಿಯರ್ ಇಲ್ಲದಿದ್ದರೆ ತರಕಾರಿ ಹಾಕುವ ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಬಾಯಿಗೆ ಬಾಯಿ ಸೇರಿಸಿ, ನಾಲ್ಕೂ ಮೂಲೆಗೆ ಕೇಬಲ್ ಟೈ ಬಿಗಿದರೆ ಗಟ್ಟಿ ಪೆಟ್ಟಿಗೆಯಾಗುತ್ತದೆ. ಒಳಗೆ ಹಳೆ ಟವೆಲ್ ಹಾಸಿ. ಬಿಚ್ಚಲು ಕತ್ತರಿ ಜೊತೆಗಿರಲಿ.

ಹಂತ 2: ಹಿಂದಿನ ರಾತ್ರಿ

ಅರಿವಳಿಕೆಯಲ್ಲಿ ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿ ಆಹಾರ ಇದ್ದು ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಉಪವಾಸ. ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ 6–8 ಗಂಟೆ ಹೇಳುತ್ತಾರೆ. ನಾಲ್ಕೈದು ತಿಂಗಳ ಮರಿಗೆ ಅಷ್ಟು ಬೇಡ, ಸುಮಾರು 4 ಗಂಟೆ ಸಾಕು. ಹೆಚ್ಚು ಹೊತ್ತು ಹಸಿದರೆ ರಕ್ತದ ಸಕ್ಕರೆ ಇಳಿಯುತ್ತದೆ. ನಿಮ್ಮ ವೈದ್ಯರು ಹೇಳಿದ ಗಂಟೆಯನ್ನೇ ಪಾಲಿಸಿ. ನೀರನ್ನು ಹೊರಡುವವರೆಗೂ ಇಡಬಹುದು.

ತಪ್ಪುವುದು ಎಲ್ಲಿ ಅಂದರೆ, ಮನೆಯಲ್ಲಿ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿರುವುದು. ಬೆಳಿಗ್ಗೆ ಐದಕ್ಕೆ ಎದ್ದ ಅಜ್ಜಿ "ಪಾಪ, ಸ್ವಲ್ಪ ಹಾಲು ತಾನೇ" ಎಂದು ಬಟ್ಟಲಿಗೆ ಹಾಕುತ್ತಾರೆ. ಹಾಲೂ ಆಹಾರವೇ. ಹೊರಗೆ ಓಡಾಡುವ ಬೆಕ್ಕಾದರೆ ಪಕ್ಕದ ಮನೆಯಲ್ಲಿ ತಿಂದೋ ಹಲ್ಲಿ, ಇಲಿ ಹಿಡಿದೋ ಬರುತ್ತದೆ. ಹಿಂದಿನ ಸಂಜೆಯೇ ಒಂದು ಕೋಣೆಗೆ ಹಾಕಿ, ಮಲಮೂತ್ರದ ಟ್ರೇ ಮತ್ತು ನೀರು ಇಟ್ಟು, ಬಾಗಿಲಿಗೆ ಚೀಟಿ ಅಂಟಿಸಿ. ಅಕಸ್ಮಾತ್ ತಿಂದರೆ ವೈದ್ಯರಿಗೆ ಮರೆಯದೆ ಹೇಳಿ. ಬೈಸಿಕೊಂಡರೂ ಪರವಾಗಿಲ್ಲ, ದಿನ ಮುಂದೆ ಹೋದರೂ ಪರವಾಗಿಲ್ಲ.

ಹಂತ 3: ಹೋಗುವ ದಾರಿ

ಒಂದು ಬುಟ್ಟಿಗೆ ಒಂದೇ ಬೆಕ್ಕು. ಮೇಲೆ ತೆಳು ಬಟ್ಟೆ ಮುಚ್ಚಿ, ಗಾಳಿ ಆಡಲಿ. ಮಡಿಲಲ್ಲಿ ಎತ್ತಿಕೊಂಡು ಆಟೊದಲ್ಲಿ ಕೂತರೆ ಹಾರ್ನ್ ಸದ್ದಿಗೆ ಬೆಕ್ಕು ನೆಗೆದು ಓಡುತ್ತದೆ, ಮತ್ತೆ ಸಿಗುವುದಿಲ್ಲ. ಗೋಣಿಚೀಲ, ದಿಂಬಿನ ಕವರ್ ಬೇಡ. ಕ್ಲಿನಿಕ್‌ನಲ್ಲಿ ಬುಟ್ಟಿಯನ್ನು ನೆಲದ ಮೇಲೆ, ನಾಯಿಗಳ ಮೂಗಿನ ಎತ್ತರಕ್ಕೆ ಇಡಬೇಡಿ. ಲಸಿಕೆ ಪುಸ್ತಕ, ಒಗೆದ ಒಂದು ಟವೆಲ್, ಬೆಕ್ಕಿನ ಹಳೆ ಬಟ್ಟೆ ಒಯ್ಯಿರಿ. ಹಿಂದೆ ಆದ ಕಾಯಿಲೆ, ಕೊಟ್ಟ ಔಷಧ, ಕೊನೆಯ ಬೆದೆಯ ದಿನ ಹೇಳಿ, ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಓದಿ.

ಹಂತ 4: ಮೊದಲ ಮೂರು ಗಂಟೆ ಮತ್ತು ಮೊದಲ ರಾತ್ರಿ

ಮೇಲೆ ಹೇಳಿದ ಮೂರು ಗಂಟೆ ಇದೇ. ಬೆಕ್ಕು ಕತ್ತೆತ್ತಿ, ಎದೆಯ ಮೇಲೆ ತಾನಾಗಿ ಕೂರುವವರೆಗೆ ಕ್ಲಿನಿಕ್‌ನಲ್ಲೇ ಇರಲಿ. "ಕರಕೊಂಡು ಹೋಗಿ, ಮನೆಯಲ್ಲಿ ಎಚ್ಚರ ಆಗುತ್ತೆ" ಎಂದರೆ, ಹೊರಗೆ ಕೂತು ಕಾಯುತ್ತೇವೆ ಎನ್ನಿ.

ಕೆಟಮಿನ್ ಎಂಬ ಅರಿವಳಿಕೆ ಕೊಟ್ಟಿದ್ದರೆ ಬೆಕ್ಕು ಕಣ್ಣು ಮುಚ್ಚುವುದಿಲ್ಲ. ಪಾಪೆ ಅಗಲವಾಗಿ, ನೋಟ ಗಾಜಿನಂತೆ ಇರುತ್ತದೆ. ತಲೆ ಅತ್ತಿತ್ತ ತೂಗುತ್ತದೆ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆಯೊಂದು ಅರ್ಧ ಸರಿದಿರುತ್ತದೆ. ಇದು ಔಷಧದ ಪರಿಣಾಮ, ಇಳಿಯುತ್ತದೆ.

ಮನೆಯಲ್ಲಿ ಚಿಕ್ಕ, ಮಬ್ಬು ಬೆಳಕಿನ, ಸದ್ದಿಲ್ಲದ ಕೋಣೆ ಸಿದ್ಧವಾಗಿರಲಿ. ಹಾಸಿಗೆ ನೆಲದ ಮೇಲೆಯೇ. ಮಂಚ, ಮೆಟ್ಟಿಲು, ಅಟ್ಟ, ತೆರೆದ ಬಾವಿ ಇರುವ ಕಡೆ ಬಿಡಬೇಡಿ. ತೂಕಡಿಸುವ ಬೆಕ್ಕು ಹಾರಲು ಹೋಗಿ ಬೀಳುತ್ತದೆ. ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ (ಬೆಕ್ಕಿನ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್). ಬಿಸಿನೀರಿನ ಬಾಟಲಿಗೆ ಟವೆಲ್ ಎರಡು ಸುತ್ತು ಸುತ್ತಿ ಪಕ್ಕದಲ್ಲಿಡಿ, ಬೆಕ್ಕಿಗೆ ದೂರ ಸರಿಯಲು ಜಾಗ ಇರಲಿ. ಬಾಟಲಿಯನ್ನು ನೇರವಾಗಿ ತಾಗಿಸಿದರೆ ಎಚ್ಚರವಿಲ್ಲದ ಬೆಕ್ಕಿಗೆ ಸುಟ್ಟ ಗಾಯವಾಗುತ್ತದೆ.

ತಡಬಡಿಸದೆ ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ನೀರು. ಅದು ಹೊಟ್ಟೆಯಲ್ಲಿ ನಿಂತರೆ ಎಂದಿನ ಊಟದ ಕಾಲು ಭಾಗ. ಬಾಯಿ ತೆರೆದು ಸಿರಿಂಜಿನಲ್ಲಿ ಹಾಲು, ಗಂಜಿ ಹಾಕಬೇಡಿ. ಆ ರಾತ್ರಿ ಊಟ ಬೇಡವೆಂದರೆ ಚಿಂತೆಯಿಲ್ಲ. ಮರುದಿನ ಸಂಜೆಗೂ ಮೂಸದಿದ್ದರೆ ಫೋನ್ ಮಾಡಿ. ಬೆಕ್ಕು ಎರಡು–ಮೂರು ದಿನ ಪೂರ್ತಿ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಗಂಭೀರ ಕಾಯಿಲೆಗೆ ತಿರುಗಬಹುದು, ಮುಖ್ಯವಾಗಿ ದಪ್ಪ ಬೆಕ್ಕುಗಳಲ್ಲಿ.

ಮನೆಯ ಬೇರೆ ಬೆಕ್ಕುಗಳು ಆಸ್ಪತ್ರೆಯ ವಾಸನೆಗೆ ಬುಸುಗುಟ್ಟುತ್ತವೆ. ಒಂದೆರಡು ದಿನ ಬೇರೆ ಇಡಿ.

ಹಂತ 5: ಮುಂದಿನ 10–14 ದಿನ

ಹೆಚ್ಚು ಜನ ಎಡವುವುದು ಇಲ್ಲಿ. ಬೆಕ್ಕು ಎರಡನೇ ದಿನಕ್ಕೇ ಓಡಾಡುತ್ತದೆ, ವಾಸಿಯಾಯಿತು ಎಂದುಕೊಂಡು ಕೋನ್ ಬಿಚ್ಚುತ್ತೀರಿ. ಮೂರು–ನಾಲ್ಕನೇ ದಿನ ಗಾಯ ಮಾಯುವ ತುರಿಕೆ ಶುರು. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ; ಕೆಲವೇ ನಿಮಿಷ ನೆಕ್ಕಿದರೂ ಹೊಲಿಗೆಯ ಅಂಚು ಕೆಂಪಾಗಿ ಬಿಚ್ಚಿಕೊಳ್ಳುತ್ತದೆ. ಹೆಣ್ಣು ಬೆಕ್ಕಿಗೆ 10–14 ದಿನ ಕೋನ್ ಇರಲೇಬೇಕು. ಕೋನ್‌ನ ಅಂಚು ಮೂಗಿನ ತುದಿಗಿಂತ ಒಂದೆರಡು ಸೆಂಟಿಮೀಟರ್ ಮುಂದಿರಬೇಕು, ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರಬೇಕು. ಊಟ, ನೀರನ್ನು ಅಗಲವಾದ ತಟ್ಟೆಯಲ್ಲಿಡಿ, ಆಳದ ಬಟ್ಟಲಿಗೆ ಕೋನ್ ತಾಗುತ್ತದೆ. ಕೋನ್ ಹಾಕಿದರೆ ಬೆಕ್ಕು ಕಲ್ಲಿನಂತೆ ಕೂತುಬಿಟ್ಟರೆ ಹಳೆ ಲೆಗ್ಗಿಂಗ್ಸ್‌ನ ಒಂದು ಕಾಲನ್ನು ಕತ್ತರಿಸಿ, ನಾಲ್ಕು ಕಾಲಿಗೆ ತೂತು ಮಾಡಿ ಅಂಗಿಯಂತೆ ತೊಡಿಸಿ. ಹಿಂಭಾಗ ಮೂತ್ರಕ್ಕೆ ತೆರೆದಿರಲಿ. ಅಂಗಿ ಒದ್ದೆಯಾದರೆ ಆಗಲೇ ಬದಲಿಸಿ.

ಗಂಡು ಬೆಕ್ಕಿನ ಚೀಲಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ, ಸಣ್ಣ ಸೀಳು ತಾನಾಗಿ ಮುಚ್ಚುತ್ತದೆ. ಮೂರರಿಂದ ಐದು ದಿನ ಟ್ರೇಯಲ್ಲಿ ಮರಳು, ಮರದ ಹೊಟ್ಟಿನ ಬದಲು ಹರಿದ ಪೇಪರ್ ಹಾಕಿ. ಮರಳಿನ ಕಣ ಗಾಯದೊಳಗೆ ಸೇರಬಾರದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಬೀಜ ತೆಗೆದ ಮೇಲೂ ನಾಳದಲ್ಲಿ ಉಳಿದ ವೀರ್ಯದಿಂದ ನಾಲ್ಕರಿಂದ ಆರು ವಾರ ಹೆಣ್ಣು ಗಬ್ಬ ಆಗಬಹುದು. ಅಷ್ಟು ದಿನ ಬೆದೆಯ ಹೆಣ್ಣಿನ ಜೊತೆ ಬಿಡಬೇಡಿ.

ದಿನಕ್ಕೆರಡು ಸಲ ಗಾಯ ನೋಡಿ. ಅದೇ ಬೆಳಕು, ಅದೇ ಕೋನದಿಂದ ದಿನಕ್ಕೊಂದು ಫೋಟೊ ತೆಗೆದಿಟ್ಟರೆ ಊತ ಹೆಚ್ಚಾಗುತ್ತಿದೆಯೋ ಇಳಿಯುತ್ತಿದೆಯೋ ವೈದ್ಯರಿಗೆ ತೋರಿಸಬಹುದು. ಅಂಚುಗಳು ಒಂದಕ್ಕೊಂದು ಕೂಡಿ, ಒಣಗಿ, ತುಸು ಗುಲಾಬಿಯಾಗಿದ್ದರೆ ಸರಿ. ಸಣ್ಣ ಗಟ್ಟಿ ಗಂಟು ಒಳಹೊಲಿಗೆಯದು, ಕರಗುತ್ತದೆ. ಇವು ಕಂಡರೆ ಕಾಯಬೇಡಿ: ರಕ್ತ ತೊಟ್ಟಿಕ್ಕುವುದು, ಗಾಯ ಬಾಯಿಬಿಡುವುದು, ದುರ್ವಾಸನೆ, ಹೊಟ್ಟೆ ಉಬ್ಬುವುದು, ಒಸಡು ಬಿಳಿಚುವುದು, ಬಾಯಿ ತೆರೆದು ಉಸಿರಾಡುವುದು, ಮತ್ತೆ ಮತ್ತೆ ವಾಂತಿ, 24 ಗಂಟೆ ಮೂತ್ರ ಬಾರದಿರುವುದು. ಮಲ ಎರಡು–ಮೂರು ದಿನ ತಡವಾದರೆ ತೊಂದರೆಯಿಲ್ಲ.

ಗಾಯಕ್ಕೆ ಏನೂ ಹಚ್ಚಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರೆ ಗಾಯ ತೇವವಾಗಿ ಬೆಕ್ಕು ಹೆಚ್ಚು ನೆಕ್ಕುತ್ತದೆ, ಇರುವೆ ಮುತ್ತುತ್ತದೆ, ಕೆಂಪು ಏರಿದ್ದು ಹಳದಿಯಡಿ ಕಾಣುವುದಿಲ್ಲ. ಡೆಟಾಲ್ ಬೆಕ್ಕಿಗೆ ವಿಷ. ನೀರಿಗೆ ಹಾಕಿದಾಗ ಬೆಳ್ಳಗಾಗುವ ಫಿನಾಯಿಲ್‌ನಿಂದ ಆ ಕೋಣೆಯ ನೆಲವನ್ನೂ ಒರೆಸಬೇಡಿ. ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತದೆ. ಸೋಪಿನ ನೀರು ಸಾಕು. ಹೊಲಿಗೆ ಬಿಚ್ಚುವವರೆಗೆ ಸ್ನಾನ ಬೇಡ, ಹೊರಗೆ ಬಿಡುವುದೂ ಬೇಡ. ತೆರೆದ ಗಾಯದ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ನೋವೆಂದು ಮನೆಯ ಮಾತ್ರೆ ಕೊಡಬೇಡಿ. ಡೋಲೋ, ಕ್ರೋಸಿನ್‌ನಲ್ಲಿರುವ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯಷ್ಟಿದ್ದರೂ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟಿಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದಂತಾಗುತ್ತದೆ. ಒಸಡು ಕಂದು ಅಥವಾ ನೀಲಿಯಾಗಿ, ಮುಖ ಊದಿಕೊಳ್ಳುತ್ತದೆ. ಐಬುಪ್ರೊಫೆನ್ ಕೂಡ ಹಾಗೇ ಅಪಾಯ. ವೈದ್ಯರು ಬರೆದ ಔಷಧವನ್ನೂ ಬರೆದ ಪ್ರಮಾಣ, ಬರೆದ ದಿನಕ್ಕಿಂತ ಹೆಚ್ಚು ಕೊಡಬೇಡಿ.

ಹಂತ 6: ಊಟ ಮತ್ತು ತೂಕ

ಆಪರೇಷನ್ ಆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾದ ಶಕ್ತಿ ಕಾಲು ಭಾಗದಷ್ಟು ಇಳಿಯುತ್ತದೆ. ಬಟ್ಟಲು ತುಂಬಿಟ್ಟರೆ ದಪ್ಪಗಾಗುತ್ತದೆ. ಅಲ್ಲಿಂದ ಮುಂದೆ ಸಕ್ಕರೆ ಕಾಯಿಲೆಯ ದಾರಿ. ನಾಲ್ಕು ಕಿಲೋ ತೂಕದ, ಬೆಳವಣಿಗೆ ಮುಗಿದ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಸಾಕು, ಅಂದರೆ ಒಣ ಆಹಾರ 50–55 ಗ್ರಾಂ. ಅಳೆದು ಎರಡು ಹೊತ್ತಿಗೆ ಹಂಚಿ. ಐದು ತಿಂಗಳ ಮರಿ ಇನ್ನೂ ಬೆಳೆಯುತ್ತಿರುತ್ತದೆ, ಅದಕ್ಕೆ ಮರಿಗಳ ಆಹಾರವನ್ನೇ ಮುಂದುವರಿಸಿ. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು, ಕಣ್ಣಿಗೆ ಕಾಣಬಾರದು. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ.

ಬರೀ ಹಾಲನ್ನ, ಮೊಸರನ್ನದಲ್ಲಿ ಬೆಕ್ಕು ಬಾಳದು. ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಎಂಬ ಅಂಶ ಇಲ್ಲದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಮನೆಯಲ್ಲಿ ಮಾಂಸ ತರುವುದಿಲ್ಲವಾದರೆ ಬೆಕ್ಕಿನ ಸಿದ್ಧ ಆಹಾರವನ್ನೇ ಕೊಡಿ, ಜೊತೆಗೆ ನೀರಿನ ಬಟ್ಟಲು ಎರಡು–ಮೂರು ಕಡೆ ಇರಲಿ.

ನೀರಿನ ಮಾತು ಬಂದದ್ದರಿಂದ: "ಆಪರೇಷನ್ ಆದ ಗಂಡಿಗೆ ಮೂತ್ರ ಕಟ್ಟುತ್ತೆ" ಎಂಬ ಭಯ ಇದೆ. ಬೀಜ ತೆಗೆಯುವುದರಿಂದ ಮೂತ್ರನಾಳ ಕಿರಿದಾಗುವುದಿಲ್ಲ. ಕಡಿಮೆ ನೀರು, ಬೊಜ್ಜು, ಒತ್ತಡ ಇದಕ್ಕೆ ಕಾರಣಗಳು. ಆದರೆ ಯಾವುದೇ ಗಂಡು ಬೆಕ್ಕು ಟ್ರೇಗೆ ಪದೇ ಪದೇ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಎರಡು–ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ.

ತೋಟ, ಅಡಿಕೆ ಗೋದಾಮಿನವರು ಕೇಳುವುದು ಇಲಿ ಹಿಡಿಯುವುದನ್ನು ಬಿಡುತ್ತದೆಯೇ ಎಂದು. ಬಿಡುವುದಿಲ್ಲ. ಬೇಟೆಯ ಗುಣಕ್ಕೂ ಈ ಹಾರ್ಮೋನಿಗೂ ಸಂಬಂಧವಿಲ್ಲ. ಗಂಡು ಬೆಕ್ಕು ಅಲೆಯುವುದು ಬಿಟ್ಟು ನಿಮ್ಮ ಗೋದಾಮಿನಲ್ಲೇ ಉಳಿಯುತ್ತದೆ.

ಇಂಜೆಕ್ಷನ್, ಮಾತ್ರೆ ಸಾಲದೇ?

ಸಾಲದು, ಅಪಾಯವೂ ಹೌದು. ಬೆದೆ ತಡೆಯಲು ಕೊಡುವ ಪ್ರೊಜೆಸ್ಟಿನ್ ಎಂಬ ಹಾರ್ಮೋನ್ ಔಷಧಗಳಿಂದ ಗರ್ಭಕೋಶದಲ್ಲಿ ಕೀವು, ಮೊಲೆಯಲ್ಲಿ ಗಡ್ಡೆ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚುತ್ತದೆ. ಮೆಡಿಕಲ್ ಶಾಪಿನಿಂದ ಹೆಂಗಸರ ಗರ್ಭನಿರೋಧಕ ಮಾತ್ರೆ ತಂದು ಹಾಲಲ್ಲಿ ಬೆರೆಸುವುದನ್ನು ಇಂದೇ ನಿಲ್ಲಿಸಿ. ಈಗಾಗಲೇ ಕೊಟ್ಟಿದ್ದರೆ ಆಪರೇಷನ್‌ಗೆ ಮುಂಚೆ ವೈದ್ಯರಿಗೆ ತಿಳಿಸಿ.

ಬೀದಿ ಬೆಕ್ಕಿಗೆ ಮಾಡಿಸುವುದಾದರೆ

ಊಟ ಹಾಕುವ ಬೀದಿ ಬೆಕ್ಕುಗಳಿಗೂ ಮಾಡಿಸುವ ಮನಸ್ಸಿದ್ದರೆ, ಅರಿವಳಿಕೆಯಲ್ಲಿರುವಾಗಲೇ ಎಡ ಕಿವಿಯ ತುದಿಯನ್ನು ನೇರವಾಗಿ ಕತ್ತರಿಸಲು ಹೇಳಿ. ಈ ಗುರುತು ಇಲ್ಲದಿದ್ದರೆ ಅದೇ ಬೆಕ್ಕನ್ನು ಇನ್ನೊಬ್ಬರು ಹಿಡಿದು ಮತ್ತೆ ಹೊಟ್ಟೆ ಕೊಯ್ಸುವ ಸಾಧ್ಯತೆ ಇದೆ. ಇಂಥ ಬೆಕ್ಕಿಗೆ ಕರಗುವ ಹೊಲಿಗೆಯೇ ಇರಲಿ. ಹಿಡಿದ ಜಾಗದಲ್ಲೇ ಬಿಡಬೇಕು, ಬೇರೆ ಬಡಾವಣೆಯಲ್ಲಿ ಅಲ್ಲ. ಹಾಲೂಡಿಸುವ ತಾಯಿ ಎಂದು ಗೊತ್ತಾದರೆ ಎಚ್ಚರ ಆದ ದಿನವೇ ಮರಿಗಳ ಬಳಿಗೆ ಸೇರಿಸಿ.

ಆಪರೇಷನ್ ಆಗಿಯೂ ಬೆದೆ ಕಂಡರೆ

ಮೊದಲ ಒಂದೆರಡು ವಾರ ಹಳೆ ಹಾರ್ಮೋನಿನ ಉಳಿಕೆಯಿಂದ ಕೂಗಾಟ ಇರಬಹುದು. ತಿಂಗಳುಗಳ ನಂತರ ಮತ್ತೆ ಹೊರಳಾಟ, ಕೂಗು ಶುರುವಾದರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು. ಲಕ್ಷಣ ಕಂಡ ದಿನವೇ ಫೋನಿನಲ್ಲಿ ವಿಡಿಯೊ ಮಾಡಿ, ಆ ವಾರದಲ್ಲೇ ವೈದ್ಯರಲ್ಲಿಗೆ ಹೋಗಿ. ಯೋನಿಯ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಬೆದೆ ಇರುವಾಗ ಮಾಡಿದರೆ ಮಾತ್ರ ಉತ್ತರ ಸಿಗುತ್ತದೆ. ಚೂರು ಇದೆ ಎಂದು ಖಚಿತವಾದರೆ ಅದನ್ನು ಹುಡುಕಿ ತೆಗೆಯುವ ಆಪರೇಷನ್ ಕೂಡ ಬೆದೆಯ ಆಸುಪಾಸಿನ ದಿನಗಳಲ್ಲೇ ಸುಲಭ. ಆಗ ಆ ಚೂರು ಉಬ್ಬಿ ಕಣ್ಣಿಗೆ ಬೀಳುತ್ತದೆ.